ಮುಚ್ಚಳಿಕೆ ಬರೆದುಕೊಟ್ಟು ಒಳಗೆ ಬನ್ನಿ

ಕನ್ನಡ ಪತ್ರಿಕೆ ಓದೋರಿಗೆ 'ಮುಚ್ಚಳಿಕೆ' ಅನ್ನೋ ಪದ ಎರಡು ಜಾಗದಲ್ಲಿ ಸಿಗುತ್ತೆ. ಎಲೆಕ್ಷನ್ನೋ ಗಣೇಶನ ಹಬ್ಬವೋ ಹತ್ತಿರ ಬಂದಾಗ ಕ್ರೈಮ್ ಪುಟದಲ್ಲಿ ಒಂದು ಫೋಟೋ ಬರುತ್ತಲ್ಲ, ಸ್ಟೇಷನ್ ಅಂಗಳದಲ್ಲಿ ಸಾಲಾಗಿ ನಿಂತ ರೌಡಿಶೀಟರ್‌ಗಳು, ಎದುರಿಗೆ ಬೈಯುತ್ತಿರುವ ಇನ್ಸ್‌ಪೆಕ್ಟರ್, ಕೆಳಗೆ 'ಮುಚ್ಚಳಿಕೆ ಬರೆಸಿಕೊಳ್ಳಲಾಯಿತು' ಅನ್ನೋ ಸಾಲು. ಅದು ಒಂದು ಜಾಗ. ಇನ್ನೊಂದು ಬಿಡದಿ. 2006ರಲ್ಲಿ, 2014ರಲ್ಲಿ, ಮತ್ತೆ 2020ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಗೇಟಿನ ಸುದ್ದಿಯಲ್ಲಿ ಇದೇ ಪದ ಬಂತು. ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಿ ಕೆಲಸಕ್ಕೆ ಬನ್ನಿ ಅಂತ ಕಂಪನಿ, ಹಾಕಲ್ಲ ಅಂತ ಕಾರ್ಮಿಕರು.

ನಾನು ಚನ್ನಪಟ್ಟಣದ ಕಡೆಯವನು. ಬೆಂಗಳೂರಿಗೆ ಹೋಗಿ ಬರುವಾಗ ಬಿಡದಿಯಲ್ಲಿ ಯೂನಿಫಾರ್ಮ್ ಹಾಕಿಕೊಂಡ ಹುಡುಗರು ಕಂಪನಿ ಬಸ್ಸಿಳಿಯುವುದನ್ನು ನೋಡುತ್ತಲೇ ಬೆಳೆದೆ. ನನಗೆ ಯಾವಾಗಲೂ ಕಾಡಿದ ಪ್ರಶ್ನೆ ಒಂದೇ. ಒಂದು ಹಾಳೆಗೆ ಸಹಿ ಹಾಕೋದು ಅಷ್ಟು ದೊಡ್ಡ ವಿಷಯವಾ? ಸಂಬಳ ಇಲ್ಲದೆ ವಾರಗಟ್ಟಲೆ ಗೇಟಿನ ಹೊರಗೆ ಶಾಮಿಯಾನದ ಕೆಳಗೆ ಕೂರ್ತಾರೆ, ಸಹಿ ಮಾತ್ರ ಹಾಕಲ್ಲ. ಯಾಕೆ?

ಉತ್ತರ ಬೇಕಾದರೆ ಆ ಹಾಳೆಯ ಚರಿತ್ರೆಗೇ ಹೋಗಬೇಕು.

ಮೊದಲು ಪದ. ಮುಚ್ಚಳಿಕೆ ಅಂದ ಕೂಡಲೇ ನಮಗೆ ಮುಚ್ಚಳ, ಬಾಯಿ ಮುಚ್ಚಿಸು ಎಲ್ಲಾ ನೆನಪಾಗುತ್ತೆ. ಅರ್ಥಕ್ಕೆ ಹೊಂದಿಕೊಂಡಂತೆ ಕೇಳಿಸುತ್ತೆ ಕೂಡ. ಆದರೆ ಪದ ನಮ್ಮದಲ್ಲ. ಇದು ತುರ್ಕಿ-ಮಂಗೋಲ್ ಮೂಲದ್ದು. ಮಂಗೋಲ್ ರಾಜಕುಮಾರರು ಖಾನನಿಗೆ 'ನಿನ್ನ ಮಾತು ಮೀರಲ್ಲ' ಅಂತ ಬರೆದುಕೊಡುತ್ತಿದ್ದ ಪತ್ರದ ಹೆಸರು, ಪರ್ಷಿಯನ್ ಮತ್ತು ಹಿಂದೂಸ್ತಾನಿಯ ಕಚೇರಿ ಭಾಷೆಯಲ್ಲಿ 'ಮುಚಲ್ಕಾ' ಆಗಿ, ನಮ್ಮಲ್ಲಿ ಮುಚ್ಚಳಿಕೆ ಆಯಿತು. ಅಮಲ್ದಾರ, ಜಮಾಬಂದಿ, ಖಾತೆ ಬಂದ ದಾರಿಯಲ್ಲೇ ಇದೂ ಬಂದಿದ್ದು. ಅಂದರೆ ಹುಟ್ಟಿನಿಂದಲೂ ಇದು ಸಮಾನರ ನಡುವಿನ ಕರಾರಲ್ಲ. ಕೆಳಗಿರುವವನು ಮೇಲಿರುವವನಿಗೆ ಬರೆದುಕೊಡುವಂಥದ್ದು.

ಪದ ಮಂಗೋಲರದ್ದಾದರೆ ಕಾನೂನು ಇಂಗ್ಲಿಷರದ್ದು. 1361ರಲ್ಲಿ, ಮೂರನೇ ಎಡ್ವರ್ಡ್ ಕಾಲದಲ್ಲಿ, ಇಂಗ್ಲೆಂಡಿನಲ್ಲಿ ಜಸ್ಟಿಸಸ್ ಆಫ್ ದಿ ಪೀಸ್ ಆ್ಯಕ್ಟ್ ಅಂತ ಒಂದು ಕಾನೂನು ಬಂತು. ಶಾಂತಿ ಕೆಡಿಸಬಹುದು ಅನ್ನಿಸಿದವನಿಂದ 'ನೆಟ್ಟಗಿರ್ತೀನಿ' ಅಂತ ಜಾಮೀನು ಬರೆಸಿಕೊಳ್ಳುವ ಅಧಿಕಾರ ಸ್ಥಳೀಯ ಮ್ಯಾಜಿಸ್ಟ್ರೇಟರಿಗೆ ಸಿಕ್ಕಿತು. ಅವನು ಏನೂ ತಪ್ಪು ಮಾಡಿರಬೇಕಿಲ್ಲ, ಮಾಡಬಹುದು ಅನ್ನಿಸಿದರೆ ಸಾಕು. ಇದೇ ಐಡಿಯಾ ಬ್ರಿಟಿಷರ ಜೊತೆ ಹಡಗು ಹತ್ತಿ ಬಂದು 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 107ರಿಂದ 110ರವರೆಗಿನ ಸೆಕ್ಷನ್‌ಗಳಾಗಿ ಕೂತಿತು. 107 ಶಾಂತಿಪಾಲನೆಗೆ, 108 ರಾಜದ್ರೋಹದ ಮಾತಾಡುವವರಿಗೆ, 109 ಅನುಮಾನಾಸ್ಪದವಾಗಿ ಓಡಾಡುವವರಿಗೆ, 110 ರೂಢಿಗತ ಅಪರಾಧಿಗಳಿಗೆ. ಬ್ರಿಟಿಷರು ಹೋದರು, ಸೆಕ್ಷನ್‌ಗಳು ಉಳಿದವು. 1973ರ ಸಂಹಿತೆಯಲ್ಲಿ ನಂಬರ್ ಕೂಡ ಬದಲಾಗಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವು 126ರಿಂದ 129 ಆಗಿವೆ. ಒಳಗಿನ ಸರಕು ಹೆಚ್ಚುಕಡಿಮೆ ಅದೇ. ಬರೆದುಕೊಡದಿದ್ದರೆ ಜೈಲು.

ಈ ಹಾಳೆಯನ್ನು ರಾಜಕೀಯಕ್ಕೆ ಬಳಸಿದ ಪ್ರಸಿದ್ಧ ಪ್ರಕರಣ ಶುರುವಾಗಿದ್ದು ನಮ್ಮ ಬೆಳಗಾವಿಯಲ್ಲಿ. 1916ರ ಮೇ 1ರಂದು ಬಾಲಗಂಗಾಧರ ತಿಲಕರು ಅಲ್ಲಿ ಹೋಂ ರೂಲ್ ಬಗ್ಗೆ ಭಾಷಣ ಮಾಡಿದರು. ತಿಂಗಳ ಕೊನೆಯಲ್ಲಿ ಅಹ್ಮದ್‌ನಗರದಲ್ಲೂ ಮಾತಾಡಿದರು. 1908ರಲ್ಲಿ ರಾಜದ್ರೋಹದ ಕೇಸು ಹಾಕಿ ಅವರನ್ನು ಮ್ಯಾಂಡಲೆಗೆ ಕಳಿಸಿದ್ದ ಸರ್ಕಾರ ಈ ಸಲ ಸುಲಭದ ದಾರಿ ಹಿಡಿಯಿತು. ಅವರ 60ನೇ ಹುಟ್ಟುಹಬ್ಬದ ದಿನವೇ 108ರ ನೋಟಿಸ್ ಕೊಟ್ಟಿತು. ಒಂದು ವರ್ಷ ಸನ್ನಡತೆಯಿಂದ ಇರ್ತೀನಿ ಅಂತ 20,000 ರೂಪಾಯಿಯ ಬಾಂಡು, ಮೇಲೆ 10,000 ರೂಪಾಯಿಯ ಇಬ್ಬರು ಜಾಮೀನುದಾರರು. ಆ ಕಾಲದ 20,000 ಅಂದ್ರೆ ಲೆಕ್ಕ ಹಾಕಿಕೊಳ್ಳಿ. ತಿಲಕರ ಪರ ವಾದಿಸಿದ ವಕೀಲರು ಯಾರು ಗೊತ್ತಾ? ಮಹಮ್ಮದ್ ಅಲಿ ಜಿನ್ನಾ. ನವೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಸರ್ಕಾರದ ಲೆಕ್ಕಾಚಾರ ಏನಿತ್ತು ಅನ್ನೋದು ಇದರಲ್ಲಿ ಚೆನ್ನಾಗಿ ಕಾಣುತ್ತೆ. ಕೇಸು ಹಾಕಿದರೆ ಅಪರಾಧ ಸಾಬೀತು ಮಾಡಬೇಕು. ಮುಚ್ಚಳಿಕೆ ಬರೆಸಿಕೊಂಡರೆ ಸಾಬೀತಿನ ತಲೆನೋವು ಕಡಿಮೆ, ಜೊತೆಗೆ ಆ ಮನುಷ್ಯ ತಾನಾಗಿಯೇ 'ನಾನು ಸಂಶಯಾಸ್ಪದ' ಅಂತ ಒಪ್ಪಿಕೊಂಡಂತೆ.

ಇದು ಕಾರ್ಮಿಕರಿಗೆ ತಿಳಿಯದ ವಿಷಯವೇನಲ್ಲ. 1930ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಗಾರರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಅಂತ ಆದಾಗ ಅವರು ಕೆಲಸವನ್ನೇ ನಿಲ್ಲಿಸಿದರು. ಆ ಮುಷ್ಕರ ಸುಮಾರು ಮೂರು ವಾರ ನಡೆಯಿತು. ಆ ಕಾಲದಲ್ಲಿ ಬೆರಳಚ್ಚು ತಗೊಳ್ಳುತ್ತಿದ್ದದ್ದು ಕೈದಿಗಳದ್ದು, ಮತ್ತೆ 1911ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ 'ಹುಟ್ಟು ಅಪರಾಧಿ'ಗಳು ಅಂತ ಹಣೆಪಟ್ಟಿ ಹಚ್ಚಿದ ಜಾತಿಗಳದ್ದು. ನೆಲದಡಿ ಜೀವ ಪಣಕ್ಕಿಟ್ಟು ಚಿನ್ನ ತೆಗೆಯೋ ನಮ್ಮನ್ನ ಆ ಪಟ್ಟಿಗೆ ಯಾಕೆ ಸೇರಿಸ್ತೀರಿ ಅನ್ನೋದು ಅವರ ಸಿಟ್ಟು. ಇವತ್ತು ನಾವು ಆಫೀಸ್ ಬಾಗಿಲಲ್ಲಿ ದಿನಾ ಬೆರಳೊತ್ತಿ ಒಳಗೆ ಹೋಗ್ತೀವಿ, ಅದು ಬೇರೆ ಮಾತು.

ಈಗ ಬಿಡದಿಗೆ ಬರೋಣ.

ಟೊಯೋಟಾ ಮತ್ತು ಕಿರ್ಲೋಸ್ಕರ್ ಸಮೂಹದ ಜಂಟಿ ಕಂಪನಿ ಹುಟ್ಟಿದ್ದು 1997ರಲ್ಲಿ. 1999ರ ಕೊನೆಗೆ ಬಿಡದಿಯಿಂದ ಕ್ವಾಲಿಸ್ ಹೊರಬಂತು, 2005ರಲ್ಲಿ ಇನ್ನೋವಾ. ತಟ್ಟೆ ಇಡ್ಲಿಯ ಊರು ಜಪಾನಿನ ಭೂಪಟ ಸೇರಿತು. ಕೋಕಾ-ಕೋಲಾ ಇತ್ತು, ಮುಂದೆ ಆಡುಗೋಡಿಯಿಂದ ಬಾಷ್ ಕೂಡ ಬಂತು. ಹೊಲ ಮಾರಿದವರ, ರೇಷ್ಮೆ ಗೂಡು ಮಾರುತ್ತಿದ್ದವರ ಮನೆಯ ಐಟಿಐ ಓದಿದ ಹುಡುಗರಿಗೆ ಇದಕ್ಕಿಂತ ಒಳ್ಳೆ ಕೆಲಸ ಸುತ್ತಮುತ್ತ ಇರಲಿಲ್ಲ. ಇದನ್ನು ಮರೆತು ಬರೀ ಕಂಪನಿ ಬೈಯುವ ಲೇಖನ ಬರೆಯೋದು ಸುಲಭ, ನನಗೆ ಅದು ಬೇಕಿಲ್ಲ.

2006ರ ಜನವರಿ ಮೊದಲ ವಾರ ಮೂವರು ಕಾರ್ಮಿಕರ ವಜಾ ವಿಚಾರಕ್ಕೆ ಮುಷ್ಕರ ಶುರುವಾಯಿತು. 8ನೇ ತಾರೀಕು ಕಂಪನಿ ಲಾಕೌಟ್ ಘೋಷಿಸಿತು. 21ಕ್ಕೆ ಬೀಗ ತೆಗೆದು, ಸನ್ನಡತೆಯ ಮುಚ್ಚಳಿಕೆ ಬರೆದುಕೊಟ್ಟವರು ಮಾತ್ರ ಒಳಗೆ ಬನ್ನಿ ಅಂದಿತು. ಆಗಿನ್ನೂ ರಾಮನಗರ ಜಿಲ್ಲೆಯೇ ಆಗಿರಲಿಲ್ಲ, ಬಿಡದಿ ಇದ್ದದ್ದು ಬೆಂಗಳೂರು ಗ್ರಾಮಾಂತರದಲ್ಲಿ. ಆ ತಿಂಗಳು ವಿಧಾನಸೌಧದಲ್ಲಿ ಏನು ನಡೀತಿತ್ತು ನೆನಪಿದೆಯಾ? ಕುಮಾರಸ್ವಾಮಿಯವರು ಧರ್ಮಸಿಂಗ್ ಸರ್ಕಾರಕ್ಕೆ ಕೊಟ್ಟ ಬೆಂಬಲ ವಾಪಸ್ ತಗೊಂಡದ್ದು ಅದೇ ಜನವರಿ 18ಕ್ಕೆ. 28ಕ್ಕೆ ಧರ್ಮಸಿಂಗ್ ರಾಜೀನಾಮೆ, ಫೆಬ್ರವರಿ 3ಕ್ಕೆ ಕುಮಾರಸ್ವಾಮಿ ಪ್ರಮಾಣವಚನ. ಬಿಡದಿಯಲ್ಲಿ ಕಾರ್ಮಿಕರು ಗೇಟಿನ ಹೊರಗೆ ನಿಂತಿದ್ದಾಗ, ರಾಮನಗರದ ಶಾಸಕರು ರೆಸಾರ್ಟಿನಲ್ಲಿ ಸರ್ಕಾರ ರಚನೆಯ ಲೆಕ್ಕ ಹಾಕ್ತಿದ್ದರು. ಟಿವಿ ಕ್ಯಾಮೆರಾಗಳು ಎಲ್ಲಿದ್ದವು ಅಂತ ಹೇಳಬೇಕಿಲ್ಲ.

ಸಹಿ ಯಾಕೆ ಹಾಕಲ್ಲ ಅನ್ನೋದಕ್ಕೆ ಭಾವನೆಯ ಉತ್ತರ ಒಂದಿದೆ, ಕಾನೂನಿನ ಉತ್ತರ ಇನ್ನೊಂದಿದೆ. ಭಾವನೆಯದು ಸುಲಭ. ಮುಚ್ಚಳಿಕೆ ಬರೆದುಕೊಡೋದು ರೌಡಿಗಳು. ಸೊಸೆಗೆ ಹೊಡೆದ ಗಂಡ, ಬೇಲಿ ಜಗಳದಲ್ಲಿ ಮಚ್ಚು ಎತ್ತಿದ ದಾಯಾದಿ. ನಮ್ಮ ಹಳ್ಳಿಗಳಲ್ಲಿ 'ಅವನು ಸ್ಟೇಷನ್‌ನಲ್ಲಿ ಮುಚ್ಚಳಿಕೆ ಬರೆದುಕೊಟ್ಟು ಬಂದ' ಅಂದರೆ ಮರ್ಯಾದೆ ಹೋಯ್ತು ಅಂತಲೇ ಅರ್ಥ.

ಕಾನೂನಿನದು ಸ್ವಲ್ಪ ತಿರುವು ಮುರುವು, ಆದರೆ ಇಡೀ ಕಥೆಯ ಕೀಲಿ ಅಲ್ಲೇ ಇದೆ, ತಾಳ್ಮೆಯಿಂದ ಓದಿ. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1982ರಲ್ಲಿ ಒಂದು ತಿದ್ದುಪಡಿ ಆಯಿತು. ಮಾಲೀಕರೂ ಯೂನಿಯನ್‌ಗಳೂ ಮಾಡಬಾರದ ಕೆಲಸಗಳ ಪಟ್ಟಿಯನ್ನು ಐದನೇ ಅನುಸೂಚಿ ಅಂತ ಸೇರಿಸಿದರು. ಅದರಲ್ಲಿ ಮಾಲೀಕರ ಪಾಲಿನ ಎಂಟನೇ ಅಂಶ ಹೀಗಿದೆ: ಕಾನೂನುಬದ್ಧ ಮುಷ್ಕರದಲ್ಲಿರುವ ಕಾರ್ಮಿಕರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಮುಂಚೆ ಒಬ್ಬೊಬ್ಬರಿಂದಲೂ ಸನ್ನಡತೆಯ ಬಾಂಡಿಗೆ ಸಹಿ ಹಾಕಿಸಬೇಕು ಅಂತ ಪಟ್ಟು ಹಿಡಿಯುವುದು ಅನ್ಯಾಯದ ಕಾರ್ಮಿಕ ಪದ್ಧತಿ. ಅಂದರೆ ಈ ಹಾಳೆಯ ತಂಟೆ ಏನು ಅಂತ ಸಂಸತ್ತಿಗೇ ಗೊತ್ತಿತ್ತು.

ಆದರೆ 'ಕಾನೂನುಬದ್ಧ' ಅನ್ನೋ ಒಂದು ಪದ ನೋಡಿ. ಮುಷ್ಕರ ಕಾನೂನುಬದ್ಧವೋ ಅಲ್ಲವೋ ಅನ್ನೋದು ಬಹಳ ಸಲ ಸರ್ಕಾರದ ಕೈಯಲ್ಲಿರುತ್ತೆ. ಅದೇ ಕಾಯ್ದೆಯ 10(3)ನೇ ಸೆಕ್ಷನ್ ಪ್ರಕಾರ, ಸರ್ಕಾರ ಒಂದು ವಿವಾದವನ್ನು ಲೇಬರ್ ಕೋರ್ಟಿಗೋ ನ್ಯಾಯಮಂಡಳಿಗೋ ಒಪ್ಪಿಸಿದ ಮೇಲೆ ಮುಷ್ಕರವನ್ನೂ ಲಾಕೌಟನ್ನೂ ನಿಷೇಧಿಸಬಹುದು. ನಿಷೇಧದ ಮೇಲೂ ಮುಂದುವರಿದರೆ ಅದು ಅಕ್ರಮ. ಅಕ್ರಮ ಮುಷ್ಕರಕ್ಕೆ ಶಿಕ್ಷೆ ಒಂದು ತಿಂಗಳವರೆಗೆ ಜೈಲು ಅಥವಾ 50 ರೂಪಾಯಿವರೆಗೆ ದಂಡ, ಅಥವಾ ಎರಡೂ. ಐವತ್ತೇ ರೂಪಾಯಿ, ನಗು ಬರುತ್ತೆ. ನಿಜವಾದ ಶಿಕ್ಷೆ ಆ ಐವತ್ತಲ್ಲ. ವಿಧಾನಸೌಧದಿಂದ ಒಂದು ಪುಟದ ಆದೇಶ ಹೊರಟ ಕೂಡಲೇ ಎಂಟನೇ ಅಂಶದ ರಕ್ಷಣೆ ಕಾರ್ಮಿಕನ ತಲೆ ಮೇಲಿಂದ ಸರಿಯುತ್ತೆ. ಆಮೇಲೆ ಗೇಟಿನಲ್ಲಿ ಮುಚ್ಚಳಿಕೆ ಕೇಳೋದು ಅನ್ಯಾಯವಲ್ಲ ಅಂತ ಕಂಪನಿ ವಾದಿಸಬಹುದು. ಲಾಠಿ ಬೀಸಬೇಕಿಲ್ಲ, ಯಾರನ್ನೂ ಎಳೆದೊಯ್ಯಬೇಕಿಲ್ಲ. ಪೊಲೀಸ್ ಸ್ಟೇಷನ್ನಿನ ಹಾಳೆ ಕಾರ್ಖಾನೆಯ ಎಚ್‌ಆರ್ ಕೈಗೆ ಬರುವುದು ಹೀಗೆ.

ಇದು ಭಾರತಕ್ಕೆ ಮಾತ್ರ ಸೇರಿದ ಕಥೆಯಲ್ಲ. 1913ರಲ್ಲಿ ಡಬ್ಲಿನ್‌ನ ಮಾಲೀಕರು, ಟ್ರಾಂ ಕಂಪನಿಯ ವಿಲಿಯಂ ಮಾರ್ಟಿನ್ ಮರ್ಫಿಯ ಮುಂದಾಳತ್ವದಲ್ಲಿ, ಜೇಮ್ಸ್ ಲಾರ್ಕಿನ್ ಕಟ್ಟಿದ ಯೂನಿಯನ್ನಿಗೆ ಸೇರಲ್ಲ ಅಂತ ಬರೆದುಕೊಡಿ ಅಂದರು. ಸುಮಾರು 20,000 ಜನ ಬೀದಿಗೆ ಬಿದ್ದರು. ಸ್ವಾರಸ್ಯ ಅಂದರೆ ಆ ಯೂನಿಯನ್ನಿನಲ್ಲಿ ಇಲ್ಲದವರೂ ಸಹಿ ಹಾಕಲಿಲ್ಲ. ಆಗಸ್ಟ್ 31ರಂದು ಪೊಲೀಸರು ಜನರ ಮೇಲೆ ಲಾಠಿ ಬೀಸಿದ್ದು ಐರ್ಲೆಂಡಿನ ಚರಿತ್ರೆಯಲ್ಲಿ ಉಳಿದುಕೊಂಡಿದೆ. ಮರುವರ್ಷದ ಆರಂಭದಲ್ಲಿ ಹಸಿವು ಗೆದ್ದಿತು, ಬಹಳ ಜನ ಸಹಿ ಹಾಕಿ ವಾಪಸ್ ಹೋದರು. ಅಮೆರಿಕದಲ್ಲಿ ಇಂಥ ಕರಾರಿಗೆ 'ಯೆಲ್ಲೋ ಡಾಗ್' ಅನ್ನೋ ಬೈಗುಳದ ಹೆಸರೇ ಇತ್ತು, 1932ರ ನಾರಿಸ್-ಲಾಗಾರ್ಡಿಯಾ ಕಾಯ್ದೆ ಬಂದ ಮೇಲೆ ಅಲ್ಲಿನ ಫೆಡರಲ್ ಕೋರ್ಟುಗಳು ಅದನ್ನು ಜಾರಿ ಮಾಡಿಸೋದು ನಿಂತಿತು.

ನಮಗೆ ಹತ್ತಿರದ ಉದಾಹರಣೆ ಹರಿಯಾಣದ ಮಾನೇಸರ್. 2011ರ ಆಗಸ್ಟ್ ಕೊನೆಗೆ ಮಾರುತಿ ಸುಜುಕಿ ಅಲ್ಲಿ ಇದೇ ಬಾಂಡನ್ನು ಗೇಟಿನಲ್ಲಿ ಇಟ್ಟಿತು. ಒಂದು ತಿಂಗಳ ಮೇಲೆ ಸಹಿ ಬಿದ್ದವು, ಕಾರುಗಳು ಹೊರಬರತೊಡಗಿದವು. ಒಂದು ವರ್ಷವೂ ಆಗಿರಲಿಲ್ಲ, 2012ರ ಜುಲೈ 18ರಂದು ಅದೇ ಕಾರ್ಖಾನೆಯ ಗಲಭೆಯಲ್ಲಿ ಎಚ್‌ಆರ್ ವಿಭಾಗದ ಒಬ್ಬ ಹಿರಿಯ ಅಧಿಕಾರಿ ಜೀವ ಕಳೆದುಕೊಂಡರು. ಸುಮಾರು 150 ಕಾರ್ಮಿಕರು ಜೈಲಿಗೆ ಹೋದರು, 2017ರಲ್ಲಿ 13 ಜನರಿಗೆ ಜೀವಾವಧಿ ಶಿಕ್ಷೆಯಾಯಿತು. ಬಾಂಡಿನಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ. ಕೊಲೆಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಶಾಂತಿಗೆ ಗ್ಯಾರಂಟಿ ಅಂತ ಬರೆಸಿಕೊಂಡ ಅಷ್ಟೂ ಹಾಳೆಗಳು ಆ ಸಂಜೆ ಯಾರನ್ನೂ ಉಳಿಸಲಿಲ್ಲ.

2014ರಲ್ಲಿ ಬಿಡದಿಯಲ್ಲಿ ಮತ್ತೆ ಅದೇ ಆಟ. ಈ ಸಲ ಜಗಳ ಸಂಬಳದ್ದು. ಯೂನಿಯನ್ ಕೇಳಿದ್ದು ತಿಂಗಳಿಗೆ 4,000 ರೂಪಾಯಿ ಹೆಚ್ಚಳ, ಕಂಪನಿ ಒಪ್ಪಿದ್ದು 3,050. ಮಾರ್ಚ್ 16ಕ್ಕೆ ಎರಡೂ ಘಟಕಗಳಿಗೆ ಲಾಕೌಟ್, 24ಕ್ಕೆ ಬೀಗ ತೆಗೆದು ಮುಚ್ಚಳಿಕೆಯ ಷರತ್ತು. ಯೂನಿಯನ್ನಿನಲ್ಲಿದ್ದ ಸುಮಾರು 4,200 ಜನ ಏಪ್ರಿಲ್‌ವರೆಗೂ ಹೊರಗೇ ಉಳಿದರು. 950 ರೂಪಾಯಿಯ ವ್ಯತ್ಯಾಸಕ್ಕೆ ಶುರುವಾದ ಜಗಳ ಒಂದು ಸಹಿಯ ಜಗಳವಾಗಿ ಮುಗಿಯಿತು.

2020ರದ್ದು ಮೂರರಲ್ಲಿ ದೊಡ್ಡದು. ಕೋವಿಡ್ ವರ್ಷ. ಕಾರ್ಮಿಕರ ದೂರು ಲೈನಿನ ವೇಗದ್ದು. ಒಂದು ಗಾಡಿಯ ಕೆಲಸಕ್ಕಿರುವ ಸಮಯವನ್ನು ಮೂರು ನಿಮಿಷದಿಂದ ಎರಡೂವರೆ ನಿಮಿಷಕ್ಕೆ ಇಳಿಸಿದ್ದಾರೆ, ಬಾತ್‌ರೂಮಿಗೆ ಹೋಗಲೂ ಪುರುಸೊತ್ತಿಲ್ಲ ಅಂತ. ಅರ್ಧ ನಿಮಿಷ ಅಂದರೆ ನಮಗೆ ಏನೂ ಅಲ್ಲ, ಒಂದು ರೀಲ್ಸ್ ನೋಡುವಷ್ಟು. ಲೈನಿನ ಮೇಲೆ ದಿನಕ್ಕೆ ನೂರಾರು ಸಲ ಬರುವ ಅರ್ಧ ನಿಮಿಷ ಅದು. ಕಂಪನಿಯ ಮಾತು ಬೇರೆ: ಒಬ್ಬ ನೌಕರನ ದುರ್ನಡತೆಗೆ ಶಿಸ್ತುಕ್ರಮ ತಗೊಂಡಿದ್ದಕ್ಕೆ ಯೂನಿಯನ್ ಅಕ್ರಮವಾಗಿ ಒಳಗೆ ಧರಣಿ ಕೂತಿತು, ಕೋವಿಡ್ ಕಾಲದಲ್ಲಿ ಎಲ್ಲರ ಸುರಕ್ಷತೆಗೂ ಅಪಾಯವಾಯಿತು. ನವೆಂಬರ್ 9ಕ್ಕೆ ಯೂನಿಯನ್ ಪದಾಧಿಕಾರಿಯೊಬ್ಬರ ಅಮಾನತು ಮತ್ತು ಧರಣಿ, 10ಕ್ಕೆ ಲಾಕೌಟ್. ಜಿಲ್ಲಾ ಉಸ್ತುವಾರಿ ಹೊತ್ತಿದ್ದ ಉಪಮುಖ್ಯಮಂತ್ರಿ ಅಶ್ವತ್ಥನಾರಾಯಣ, ಕಾರ್ಮಿಕ ಸಚಿವ ಶಿವರಾಂ ಹೆಬ್ಬಾರ್ ಇಬ್ಬರೂ ಮಾತುಕತೆಗೆ ಇಳಿದರು. ಕೊನೆಗೆ ಸರ್ಕಾರ ಮುಷ್ಕರ, ಲಾಕೌಟ್ ಎರಡನ್ನೂ ನಿಷೇಧಿಸಿತು.

19ಕ್ಕೆ ಬೀಗ ತೆಗೆಯಿತು. ಗೇಟಿನಲ್ಲಿ ಮತ್ತೆ ಅದೇ ಹಾಳೆ. ಬಹುತೇಕರು ಒಳಗೆ ಹೋಗಲಿಲ್ಲ. ಕೆಲವೇ ಜನ ಬಂದರೆ ಲೈನ್ ಓಡಿಸೋಕೆ ಆಗಲ್ಲ ಅಂತ 23ಕ್ಕೆ ಕಂಪನಿ ಎರಡನೇ ಸಲ ಲಾಕೌಟ್ ಮಾಡಿತು. ಒಂದೇ ಆದೇಶ ಎರಡೂ ಕಡೆಯನ್ನು ಕಟ್ಟಿಹಾಕಬೇಕಿತ್ತು, ಆದರೆ ವಾರದೊಳಗೆ ಗೇಟಿಗೆ ಮತ್ತೆ ಬೀಗ ಬಿದ್ದಿತ್ತು. ಇಲ್ಲಿ ನನ್ನನ್ನು ಕೊರೆಯುವ ಪ್ರಶ್ನೆ ಇದು. ಕೆಲಸ ಮಾಡಲು ಸಿದ್ಧ, ಆದರೆ ಆ ಹಾಳೆಗೆ ಸಹಿ ಹಾಕಲ್ಲ ಅಂತ ಗೇಟಿನಲ್ಲಿ ನಿಂತವನು ಮುಷ್ಕರ ಮಾಡ್ತಿದ್ದಾನಾ, ಅಥವಾ ಅವನನ್ನು ಹೊರಗೆ ಇಡಲಾಗಿದೆಯಾ? ಸರ್ಕಾರದ ಕಡತದಲ್ಲಿ ಅವನು ಯಾವ ಕಾಲಮ್ಮಿಗೆ ಬೀಳ್ತಾನೆ ಅನ್ನೋದರ ಮೇಲೆ ಅವನ ಸಂಬಳ, ಅವನ ವಿಚಾರಣೆ, ಅವನ ನೌಕರಿ ಎಲ್ಲಾ ನಿಂತಿದೆ.

ಆ ಚಳಿಗಾಲದಲ್ಲೇ, ಡಿಸೆಂಬರ್ 12ರಂದು, ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಗೆ ಕಾರ್ಮಿಕರು ನುಗ್ಗಿ ಗಾಜು ಒಡೆದರು, ಗಾಡಿ ಮಗುಚಿದರು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಆದರೆ ಸಂಬಳ ಪಾವತಿಯಲ್ಲಿ ಲೋಪವಾಗಿತ್ತು ಅಂತ ಒಂದೇ ವಾರದಲ್ಲಿ ಹೊರಬಂತು. ಕಂಪನಿ ಕ್ಷಮೆ ಕೇಳಿ ಭಾರತದ ಉಸ್ತುವಾರಿ ಹೊತ್ತಿದ್ದ ಉಪಾಧ್ಯಕ್ಷನನ್ನು ತೆಗೆಯಿತು, ಆ್ಯಪಲ್ ಆ ಕಂಪನಿಗೆ ಹೊಸ ಆರ್ಡರ್ ನಿಲ್ಲಿಸಿತು. ಬಿಡದಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಒಂದು ತಿಂಗಳಿಂದ ಗಾಜು ಒಡೆಯದೆ ಕೂತಿದ್ದರು. ಅವರ ಹಾಡು, ಭಜನೆ, ಊಟದ ಸಾಲು ಯಾವ ಇಂಗ್ಲಿಷ್ ಚಾನೆಲ್ಲಿಗೂ ಬೇಕಾಗಲಿಲ್ಲ. ಗಲಾಟೆ ಮಾಡಿದರೆ ಮಾತ್ರ ಕೇಳಿಸಿಕೊಳ್ತೀವಿ ಅನ್ನೋ ಪಾಠವನ್ನು ನಾವು ಹೀಗೇ ಕಲಿಸ್ತೀವಿ. ಆಮೇಲೆ ಶಾಂತಿಗೆ ಬಾಂಡ್ ಕೇಳ್ತೀವಿ.

'ನಮಗೂ ಇದಕ್ಕೂ ಏನು ಸಂಬಂಧ, ನಾವು ಎಸಿಯಲ್ಲಿ ಕೂತು ಕೋಡ್ ಬರೆಯೋರು' ಅನ್ನೋ ಗೆಳೆಯರು ನನಗಿದ್ದಾರೆ. ಮೊದಲ ಕೆಲಸಕ್ಕೆ ಸೇರುವಾಗ ನಾನು ಎರಡು ವರ್ಷ ಬಿಟ್ಟು ಹೋಗಲ್ಲ ಅಂತ ಛಾಪಾ ಕಾಗದದ ಮೇಲೆ ಬರೆದುಕೊಟ್ಟೆ. ನೀವೂ ಕೊಟ್ಟಿರ್ತೀರಿ. ಓದದೇ ಸಹಿ ಹಾಕಿದ್ದು ಬೇಕಾದಷ್ಟಿದೆ. ವ್ಯತ್ಯಾಸ ಒಂದೇ, ನಾವು ಸಹಿ ಹಾಕಿದ್ದು ಒಳಗೆ ಬರುವ ಮುಂಚೆ, ಒಬ್ಬೊಬ್ಬರೇ. ಅವರನ್ನು ಕೇಳಿದ್ದು ಒಟ್ಟಾಗಿ ಹೊರಗೆ ಬಂದ ಮೇಲೆ, ಮತ್ತೆ ಒಬ್ಬೊಬ್ಬರಾಗಿ ಒಳಗೆ ಹೋಗಿ ಅಂತ. ಆ ಹಾಳೆಯಲ್ಲಿ ಬರೆದ ಷರತ್ತುಗಳು ಏನೇ ಇರಲಿ, ಅದರ ನಿಜವಾದ ಕೆಲಸ ಈ 'ಒಬ್ಬೊಬ್ಬರಾಗಿ' ಅನ್ನೋದೇ.

ಬಿಡದಿಯಲ್ಲೂ ಕೊನೆಗೆ ಹಾಗೇ ಆಯಿತು. 2021ರ ಜನವರಿ 12ಕ್ಕೆ ಲಾಕೌಟ್ ತೆರವಾಗುವ ಹೊತ್ತಿಗೆ ಎಷ್ಟೋ ಜನ ಕಂತು ಕಂತಾಗಿ ಸಹಿ ಹಾಕಿದ್ದರು. ಇಎಂಐ ಇತ್ತು, ಮಕ್ಕಳ ಫೀಸಿತ್ತು, ಮನೆಯವರು ಎಷ್ಟು ದಿನ ಅಂತ ಸುಮ್ಮನಿರ್ತಾರೆ. ಮಾರ್ಚ್ ಆರಂಭಕ್ಕೆ ಉಳಿದವರೂ ಮುಷ್ಕರ ಬಿಟ್ಟರು. ಅಮಾನತಾದ ಹತ್ತಾರು ಜನರ ವಿಚಾರಣೆಗಳು ಮಾತ್ರ ಮುಂದುವರಿದವು.

ಆ ಮುಷ್ಕರಕ್ಕೆ ಎರಡು ತಿಂಗಳ ಮುಂಚೆ, 2020ರ ಸೆಪ್ಟೆಂಬರಿನಲ್ಲಿ, ಸಂಸತ್ತು ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು ಪಾಸು ಮಾಡಿತ್ತು. ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಹಿಂದೆ ನೀರು, ರೈಲಿನಂಥ ಸಾರ್ವಜನಿಕ ಸೇವೆಗಳಿಗಿದ್ದ 14 ದಿನದ ಮುನ್ಸೂಚನೆ ಈಗ ಎಲ್ಲಾ ಕೈಗಾರಿಕೆಗೂ ಕಡ್ಡಾಯ. ಅರ್ಧಕ್ಕೂ ಹೆಚ್ಚು ಜನ ಒಂದೇ ದಿನ ಕ್ಯಾಷುಯಲ್ ಲೀವ್ ಹಾಕಿದರೆ ಅದೂ ಮುಷ್ಕರ. ಐವತ್ತು ರೂಪಾಯಿ ಇದ್ದ ದಂಡ ಒಂದು ಸಾವಿರದಿಂದ ಹತ್ತು ಸಾವಿರದವರೆಗೆ ಏರಿದೆ. ಅನ್ಯಾಯದ ಪದ್ಧತಿಗಳ ಪಟ್ಟಿ ಎರಡನೇ ಅನುಸೂಚಿಗೆ ಹೋಗಿದೆ. ಸನ್ನಡತೆಯ ಬಾಂಡಿನ ಅಂಶ ಅದರಲ್ಲಿ ಹಾಗೇ ಇದೆ, 'ಕಾನೂನುಬದ್ಧ ಮುಷ್ಕರ' ಅನ್ನೋ ಪದದ ಸಮೇತ.